ಅಣ್ಣನ ಕಾಯಿಲೆಯ ಸುದ್ದಿ ಕೇಳಿ ನನಗೆ ಖುಷಿಯಾಯಿತು

ಪ್ರಶ್ನೆ: ನನಗೆ 46 ವರ್ಷ. ಲಿಂಗರಾಜಪುರದಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಈಗ ದಾಸರಹಳ್ಳಿಯಲ್ಲಿ ಬಾಡಿಗೆಗೆ ಇದ್ದೇವೆ. ನಾವು ಕನ್ನಡ ಕ್ರೈಸ್ತರು, ತಾತನ ಕಾಲದಿಂದ ಒಂದೇ ಸಭೆಗೆ (ಚರ್ಚಿಗೆ) ಹೋಗುವವರು. ಅಪ್ಪ 2011ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. 2019ರಲ್ಲಿ ಅಮ್ಮನೂ ಹೋದರು. ಆಮೇಲೆ ಖಾತೆ ಬದಲಾವಣೆಗೆ ಬೇಕು ಎಂದು ಅಣ್ಣ ನನ್ನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. ಅಣ್ಣನಲ್ಲವೇ ಎಂದು ಓದದೆಯೇ ಸಹಿ ಹಾಕಿದೆ, ಹೆಬ್ಬೆಟ್ಟು ಒತ್ತಿದೆ. ಕಳೆದ ವರ್ಷ ಮನೆಯ ಇ.ಸಿ. (ಋಣಭಾರ ಪತ್ರ) ತೆಗೆಸಿದಾಗ ಅದು ಹಕ್ಕು ಬಿಡುಗಡೆ ಪತ್ರ ಎಂದು ಗೊತ್ತಾಯಿತು. ಫೋನ್ ಮಾಡಿ ಕೇಳಿದರೆ ‘ನಿನಗೆ ಮದುವೆ ಮಾಡಿಕೊಟ್ಟೆವಲ್ಲ’ ಎಂದ. ಅಂದಿನಿಂದ ಮಾತಿಲ್ಲ.

ನಾಲ್ಕು ತಿಂಗಳಿಂದ ಅಣ್ಣನಿಗೆ ಡಯಾಲಿಸಿಸ್ ನಡೆಯುತ್ತಿದೆ. ಸುದ್ದಿ ಕೇಳಿದಾಗ ನನಗೆ ಖುಷಿಯಾಯಿತು. ದೇವರು ಲೆಕ್ಕ ಇಟ್ಟಿದ್ದಾನೆ ಎಂದುಕೊಂಡೆ. ಚಿಕ್ಕಮ್ಮನಿಗೂ ಫೋನ್ ಮಾಡಿ ಹೇಳಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಅತ್ತಿಗೆ ‘ವಾರಕ್ಕೊಂದು ದಿನ ಆಸ್ಪತ್ರೆಗೆ ಬಂದು ಕೂರಮ್ಮ, ನನಗೆ ರಜೆ ಸಿಗುತ್ತಿಲ್ಲ’ ಎಂದು ಕೇಳುತ್ತಿದ್ದಾರೆ. ನಮ್ಮ ಸಭೆಯ ಪಾದ್ರಿ ಅಯ್ಯನವರು ‘ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳಮ್ಮ, ಕೇಸು ಗೀಸು ಬೇಡ, ಸಭೆಗೆ ಕೆಟ್ಟ ಹೆಸರು’ ಎನ್ನುತ್ತಾರೆ. ನನ್ನ ಗಂಡ ಆ ಮನೆಯವರ ಹೆಸರೆತ್ತಿದರೆ ಎದ್ದು ಹೋಗುತ್ತಾರೆ. ಎರಡು ತಿಂಗಳಿಂದ ನಾನು ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನ ತೆಗೆದುಕೊಂಡಿಲ್ಲ. ಇಷ್ಟು ದ್ವೇಷ ಇಟ್ಟುಕೊಂಡ ನಾನು ಕ್ರೈಸ್ತಳೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಆ ಖುಷಿಯ ವಿಷಯ ಮುಗಿಸೋಣ. ಮೋಸ ಮಾಡಿದವನು ಹಾಸಿಗೆ ಹಿಡಿದ ಎಂದು ಕೇಳಿದಾಗ ಮೋಸ ಹೋದವರ ಮನಸ್ಸಿಗೆ ಒಂದು ಗಳಿಗೆ ಹಾಯೆನಿಸುತ್ತದೆ. ಅದು ನಿಮ್ಮ ಅಪ್ಪಣೆ ಕೇಳಿ ಬಂದದ್ದಲ್ಲ. ಬೈಬಲಿನ ಕೀರ್ತನೆಗಳ ಪುಸ್ತಕದ 109ನೆಯದನ್ನು ತೆಗೆದು ಓದಿ. ವೈರಿಯ ಆಯುಷ್ಯ ಕಡಿಮೆಯಾಗಲಿ, ಅವನ ಹೆಂಡತಿ ವಿಧವೆಯಾಗಲಿ, ಮಕ್ಕಳು ಭಿಕ್ಷೆ ಬೇಡಲಿ ಎಂಬ ಮಾತುಗಳೆಲ್ಲ ಅಲ್ಲಿ ಪ್ರಾರ್ಥನೆಯ ಒಳಗೇ ಇವೆ. ಆರಾಧನೆಯಲ್ಲಿ ಅದನ್ನು ಓದಿಸುವುದು ಅಪರೂಪ. ಓದಿಸಿದ್ದರೆ, ನಾನೊಬ್ಬಳೇ ಕೆಟ್ಟವಳು ಎಂದು ಕೊರಗುವವರು ಎಷ್ಟೋ ಕಡಿಮೆಯಾಗುತ್ತಿದ್ದರು.

ಆದರೆ ಆ ಭಕ್ತ ತನ್ನ ಸಿಟ್ಟನ್ನು ದೇವರ ಮುಂದೆ ಸುರಿದ, ನೀವು ಚಿಕ್ಕಮ್ಮನ ಮುಂದೆ ಸುರಿದಿರಿ. ಚಿಕ್ಕಮ್ಮ ಕೇಳಿಕೊಂಡು ಸುಮ್ಮನಿದ್ದಿರಲಾರರು. ಅಮ್ಮನ ಬಳೆಗಳು ಯಾರ ಪಾಲಾದವು, ಅತ್ತಿಗೆ ಯಾವ ಮದುವೆಯಲ್ಲಿ ಮುಖ ತಿರುಗಿಸಿದರು ಎಂಬುದೆಲ್ಲ ಆ ಫೋನಿನಲ್ಲಿ ಹೊರಬಂದಿರುತ್ತದೆ. ಫೋನ್ ಇಡುವ ಹೊತ್ತಿಗೆ ಒಂದು ಸಿಟ್ಟು ನಾಲ್ಕಾಗಿರುತ್ತದೆ. ವೈರಿ ಬಿದ್ದಾಗ ಹಿಗ್ಗಬೇಡ ಎಂದು ಜ್ಞಾನೋಕ್ತಿಗಳ 24ನೆಯ ಅಧ್ಯಾಯ ಹೇಳುವುದು ಈ ಹಿಗ್ಗುವಿಕೆಯ ಬಗ್ಗೆ. ಮನಸ್ಸಿನಲ್ಲಿ ಏಳುವುದನ್ನು ತಡೆಯಲು ನಿಮ್ಮಿಂದ ಆಗದು. ಅದಕ್ಕೆ ಉಪ್ಪುಖಾರ ಹಚ್ಚುವ ಫೋನುಗಳನ್ನು ನಿಲ್ಲಿಸಬಹುದು, ಇವತ್ತಿನಿಂದಲೇ.

ಕರ್ತನ ಭೋಜನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೊರಿಂಥದ ಸಭೆಯವರಿಗೆ ಅಪೊಸ್ತಲ ಪೌಲ ಬರೆದದ್ದು, ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡು ಆ ರೊಟ್ಟಿಯನ್ನು ತಿನ್ನಲಿ ಎಂದು. ಪರೀಕ್ಷಿಸಿಕೊಂಡು ಮನೆಗೆ ಹೋಗಲಿ ಎಂದಲ್ಲ. ನೀವು ಬಹುಶಃ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂದೆ ಸರಿದಿದ್ದೀರಿ: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಸಹೋದರನೊಡನೆ ಒಂದಾಗು ಎಂಬ ಮಾತು. ಅದನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಸಹೋದರನಿಗೆ ನಿನ್ನ ಮೇಲೆ ದೂರು ಇದೆ ಎಂದು ನೆನಪಾದರೆ, ಎಂದಿದೆ ಅಲ್ಲಿ. ದೂರು ಇರುವುದು ನಿಮಗೆ, ಅಣ್ಣನ ಮೇಲೆ. ಕಾಣಿಕೆ ಬಿಟ್ಟು ಎದ್ದು ಬರಬೇಕಾದವನು ಅವನು. ಅವನು ಪ್ರತಿ ತಿಂಗಳೂ ತಪ್ಪದೆ ಪಾತ್ರೆಗೆ ಬಾಯಿಡುತ್ತಿದ್ದನೋ ಏನೋ, ನೀವು ಮಾತ್ರ ಹಿಂದಿನ ಬೆಂಚಿನಲ್ಲಿ ಕೂತು ಶಿಕ್ಷೆ ಅನುಭವಿಸುತ್ತಿದ್ದೀರಿ. ಮುಂದಿನ ಸಲ ಹೋಗಿ ತೆಗೆದುಕೊಳ್ಳಿ.

ಈಗ ಅಯ್ಯನವರ ಮಾತು. ನಿಮ್ಮ ಪತ್ರದಲ್ಲಿ ನನಗೆ ಅಣ್ಣನಿಗಿಂತ ಹೆಚ್ಚು ಸಿಟ್ಟು ಬರಿಸಿದ್ದು ಇದು. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ನಮ್ಮ ಸಭೆಗಳಲ್ಲಿ ಕ್ಷಮೆಯ ಪಾಠ ಯಾವಾಗಲೂ ಕಳೆದುಕೊಂಡವರಿಗೇ, ಅದರಲ್ಲೂ ಹೆಣ್ಣುಮಕ್ಕಳಿಗೇ ನಡೆಯುತ್ತದೆ. ತೆಗೆದುಕೊಂಡವನ ಮನೆಗೆ ಹೋಗಿ ಜಕ್ಕಾಯನ ಕಥೆ ಓದಿದ ಅಯ್ಯನವರು ಎಷ್ಟು ಮಂದಿ? ಲೂಕನ ಸುವಾರ್ತೆಯಲ್ಲಿ ಆ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದು ಎದ್ದುನಿಂತು ಹೇಳಿದ. ಈ ಮನೆಗೆ ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಆಮೇಲೆ.

ಕೋರ್ಟಿಗೆ ಹೋಗಬೇಡ ಎನ್ನುವವರು ತೋರಿಸುವುದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯವನ್ನು. ಸಹೋದರ ಸಹೋದರನ ಮೇಲೆ ವ್ಯಾಜ್ಯ ಹೂಡುವುದೇ, ಅದಕ್ಕಿಂತ ಅನ್ಯಾಯವನ್ನು ಸಹಿಸಬಾರದೇ ಎಂದು ಪೌಲ ಅಲ್ಲಿ ಕೇಳುತ್ತಾನೆ, ನಿಜ. ಅದಕ್ಕೆ ಮೊದಲಿನ ವಚನದಲ್ಲಿ, ಈ ವ್ಯಾಜ್ಯವನ್ನು ತೀರಿಸುವ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಸಭೆಗೇ ಛೀಮಾರಿ ಹಾಕುತ್ತಾನೆ. ನಂತರದ ವಚನದಲ್ಲಿ, ನೀವೇ ಅನ್ಯಾಯ ಮಾಡುತ್ತೀರಿ, ಅದೂ ಸಹೋದರರಿಗೆ ಮೋಸ ಮಾಡುತ್ತೀರಿ ಎಂದು ಅಣ್ಣನಂಥವರ ಕಡೆಗೆ ತಿರುಗುತ್ತಾನೆ. ನಡುವಿನ ಅರ್ಧ ವಚನವನ್ನು ಮಾತ್ರ ಕಿತ್ತು ನಿಮ್ಮ ಕೈಗೆ ಕೊಟ್ಟಿದ್ದಾರೆ. ಅಯ್ಯನವರಿಗೆ ವಿನಯದಿಂದಲೇ ಹೇಳಿ: ‘ಕೋರ್ಟು ಬೇಡವೆಂದರೆ ನೀವೇ ಪಂಚಾಯಿತಿಗೆ ಕೂತುಕೊಳ್ಳಿ ಅಯ್ಯನವರೇ. ಅಣ್ಣನನ್ನೂ ಕರೆಯಿರಿ, ಪತ್ರದ ನಕಲು ನಾನು ತರುತ್ತೇನೆ.’ ಅವರು ಕೂತರೆ ಒಳ್ಳೆಯದು. ಕೂರದಿದ್ದರೆ ಸಭೆಯ ಹೆಸರಿನ ಮಾತು ಅಲ್ಲಿಗೇ ಮುಗಿಯಿತು.

ಇನ್ನೊಂದು ಕೆನ್ನೆ ತೋರಿಸು ಎಂದ ಯೇಸುವೇ, ಮಹಾಯಾಜಕನ ಮುಂದೆ ಒಬ್ಬ ಸೇವಕ ಕಪಾಳಕ್ಕೆ ಹೊಡೆದಾಗ ಸುಮ್ಮನೆ ನಿಲ್ಲಲಿಲ್ಲ. ನಾನು ತಪ್ಪು ಮಾತನಾಡಿದ್ದರೆ ಅದನ್ನು ತೋರಿಸು, ಸರಿಯಾಗಿ ಮಾತನಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದ. ತಿರುಗಿ ಹೊಡೆಯಲಿಲ್ಲ, ಕೇಳುವುದನ್ನೂ ಬಿಡಲಿಲ್ಲ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಮೊದಲು ಬರುವುದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ. ಅದಕ್ಕೆ ಒಂದು ವಚನ ಹಿಂದೆ ಏನಿದೆ ಗೊತ್ತೇ? ಸಹೋದರನನ್ನು ಹೃದಯದಲ್ಲಿ ದ್ವೇಷಿಸಬೇಡ, ಅವನ ತಪ್ಪನ್ನು ಅವನಿಗೇ ನೇರವಾಗಿ ಹೇಳು ಎಂದಿದೆ. ತಪ್ಪನ್ನು ಹೇಳುವುದು ಅಲ್ಲಿ ದ್ವೇಷಕ್ಕೆ ಕೊಟ್ಟ ಮದ್ದು. ನಿಮ್ಮ ದ್ವೇಷ ಬೆಳೆದದ್ದು ನೀವು ಕೇಳಿದ್ದರಿಂದ ಅಲ್ಲ, ಫೋನಿನಲ್ಲಿ ಒಂದು ಸಲ ಕೇಳಿ ಒಂದು ಒರಟು ಉತ್ತರಕ್ಕೆ ಬಾಯಿ ಮುಚ್ಚಿಕೊಂಡದ್ದರಿಂದ. ಪಾಲು ಬಿಟ್ಟರೆ ದ್ವೇಷವೂ ಬಿಟ್ಟುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಯಿಮಾತಿಗೆ ಬಿಟ್ಟ ಪಾಲು ಹತ್ತು ವರ್ಷವಾದರೂ ಹೊಟ್ಟೆಯಲ್ಲಿ ಉರಿಯುತ್ತದೆ.

ಹಾಗಾಗಿ ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಉಯಿಲು ಇಲ್ಲದೆ ತೀರಿಕೊಂಡವರ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ. ಅಮ್ಮನೂ ಉಯಿಲು ಬರೆದಿರದಿದ್ದರೆ ಅವರ ಪಾಲು ಮತ್ತೆ ನಿಮ್ಮಿಬ್ಬರಿಗೇ. ನೀವು ಇಬ್ಬರೇ ಮಕ್ಕಳಾದರೆ ಲೆಕ್ಕ ಅರ್ಧಕ್ಕರ್ಧ. ಮದುವೆ ಮಾಡಿಕೊಟ್ಟದ್ದರಿಂದ ಮಗಳ ಪಾಲು ಕರಗುವುದಿಲ್ಲ. ಕೇರಳದಲ್ಲಿ ಮೇರಿ ರಾಯ್ ಎಂಬ ಸಿರಿಯನ್ ಕ್ರೈಸ್ತ ಮಹಿಳೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಇದೇ ಕಾಯ್ದೆಯ ಬಲದಿಂದ ಅಲ್ಲಿನ ಹೆಣ್ಣುಮಕ್ಕಳಿಗೆ ಸಮಪಾಲು ಗೆದ್ದುಕೊಟ್ಟರು. ಅವರ ಜಗಳವೂ ಒಡಹುಟ್ಟಿದ ಸೋದರನ ಜೊತೆಯ ಆಸ್ತಿ ಜಗಳವೇ ಆಗಿತ್ತು.

ನಿಮ್ಮ ದಾರಿ ಸುಲಭವಲ್ಲ. ಪತ್ರ ನೋಂದಣಿಯಾಗಿದೆ, ಸಹಿ ನಿಮ್ಮದೇ, ಮೋಸ ನಡೆದಿದೆ ಎಂದು ಸಾಬೀತು ಮಾಡುವ ಹೊಣೆಯೂ ನಿಮ್ಮದೇ. ಅಂಥ ಪತ್ರವನ್ನು ರದ್ದುಪಡಿಸಲು ವಿಷಯ ತಿಳಿದಂದಿನಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಒಂದು ವರ್ಷವನ್ನು ಮಾತು ಬಿಟ್ಟು ಕಳೆದಿದ್ದೀರಿ. ಪ್ರಾರ್ಥನೆ ಮಾಡಿ ಕಾಯೋಣ ಎನ್ನುವವರಿಗೆ ಈ ಗಡುವು ಗೊತ್ತಿರುವುದಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ದಾವೆ ಹೂಡಿದ ಮೇಲೂ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರದಲ್ಲಿ ಎದುರುಬದುರು ಕೂತು ರಾಜಿಯಾಗುವ ಅವಕಾಶ ಉಳಿದೇ ಇರುತ್ತದೆ. ಕೋರ್ಟು ಎಂದರೆ ಕಟಕಟೆ, ಕೂಗಾಟ ಎಂದೇ ತಿಳಿಯಬೇಕಿಲ್ಲ.

ಹಾಗಾದರೆ ಆಸ್ಪತ್ರೆಗೆ ಹೋಗಬೇಕೇ? ಹೋಗಿ. ಅಣ್ಣನ ಮೇಲೆ ಅಕ್ಕರೆ ಉಕ್ಕಿ ಬರಲಿ ಎಂದು ಕಾಯಬೇಡಿ, ಅದು ಬಾರದೆಯೂ ಇರಬಹುದು. ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ, ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿರುವುದನ್ನು ಕಂಡರೆ ಬಿಟ್ಟುಹೋಗಬೇಡ, ಸಹಾಯ ಮಾಡು ಎಂದಿದೆ. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿರಬೇಕು ಎಂದು ಹೇಳಿಲ್ಲ. ಕತ್ತೆಯನ್ನು ಎಬ್ಬಿಸಬೇಕು, ಅಷ್ಟೇ. ವೈರಿಗಳನ್ನು ಪ್ರೀತಿಸಿರಿ ಎಂಬ ಮಾತನ್ನು ನಾನು ಹೀಗೇ ಓದುತ್ತೇನೆ. ಕೈಕಾಲಿನಿಂದ ಮಾಡುವ ಕೆಲಸ ಅದು. ಸಾಲದ್ದಕ್ಕೆ, ಇಲ್ಲಿ ಹೊರೆಯ ಕೆಳಗಿರುವುದು ಅಣ್ಣನಿಗಿಂತ ಹೆಚ್ಚಾಗಿ ಅತ್ತಿಗೆ. ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಹೋಗಿಬರುವ ಟ್ರಾಫಿಕ್ ಬೇರೆ. ಕೆಲಸಕ್ಕೆ ಹೋಗುವ ಹೆಂಗಸು ಎಷ್ಟು ದಿನ ರಜೆ ಹಾಕಲು ಸಾಧ್ಯ? ನಿಮ್ಮೊಡನೆ ಮಾತು ಬಿಟ್ಟ ಮನೆಯಿಂದ ಫೋನ್ ಮಾಡಿ ಕೇಳಲು ಅವರಿಗೆ ಎಷ್ಟು ಗಟ್ಟಿ ಮನಸ್ಸು ಬೇಕಾಗಿತ್ತು ಎಂಬುದನ್ನೂ ಯೋಚಿಸಿ.

ಹೋಗುವಾಗ ರೋಗಿಗೆಂದು ಎಳನೀರು, ಬಾಳೆಹಣ್ಣು, ಕಿತ್ತಳೆ ಕೊಂಡೊಯ್ಯಬೇಡಿ. ಮೂತ್ರಪಿಂಡ ಕೆಲಸ ನಿಲ್ಲಿಸಿದವರಿಗೆ ಅವುಗಳಲ್ಲಿರುವ ಪೊಟ್ಯಾಸಿಯಂ ಅಪಾಯ. ಏನು ಕೊಡಬಹುದೆಂದು ಅತ್ತಿಗೆಯನ್ನೇ ಕೇಳಿ. ನೀರನ್ನೂ ಅಳೆದು ಕುಡಿಯಬೇಕು, ಕೇಳಿದನೆಂದು ಲೋಟ ತುಂಬಿಸಿ ಕೊಡಬೇಡಿ. ಸೂಜಿ ಚುಚ್ಚಿದ ತೋಳನ್ನು ನಾಲ್ಕು ಗಂಟೆಯೂ ಅಲುಗಿಸುವಂತಿಲ್ಲ. ಹೊದಿಕೆ ಜಾರಿದರೆ ಎಳೆದುಕೊಳ್ಳಲು ಇನ್ನೊಬ್ಬರು ಬೇಕು. ಎಷ್ಟೋ ಜನರಿಗೆ ಆ ಹೊತ್ತಿನಲ್ಲಿ ಚಳಿಯೂ ಆಗುತ್ತದೆ. ಹೊದಿಕೆ ಎಳೆದು ಸರಿಮಾಡುವಷ್ಟು ಸಾಕು. ಬೈಬಲ್ ತೆಗೆದು ಓದಿ ಹೇಳಬೇಡಿ, ಕಣ್ಣೀರು ಹಾಕಿ ಕ್ಷಮಿಸಿದೆ ಎನ್ನಬೇಡಿ. ಅವನು ಕೇಳಿಯೇ ಇಲ್ಲವಲ್ಲ.

ಮನೆಯ ಮಾತನ್ನು ಅಲ್ಲಿ ಖಂಡಿತ ಎತ್ತಬೇಡಿ. ಅಲುಗಾಡಲಾಗದವನ ಮುಂದೆ ಲೆಕ್ಕ ಕೇಳುವುದು ಸರಿಯಲ್ಲ, ಡಯಾಲಿಸಿಸ್ ಮುಗಿದ ಮೇಲೆ ಅವನಿಗೆ ತಲೆ ಎತ್ತುವ ಶಕ್ತಿಯೂ ಇರುವುದಿಲ್ಲ. ಡಯಾಲಿಸಿಸ್ ಇಲ್ಲದ ದಿನ, ಮನೆಯಲ್ಲಿ, ನೀವಿಬ್ಬರೇ ಇರುವಾಗ ಕೇಳಿ. ಮತ್ತಾಯನ 18ನೆಯ ಅಧ್ಯಾಯದ ಕ್ರಮವೂ ಅದೇ: ಮೊದಲು ಒಬ್ಬರೇ ಹೋಗಿ ಹೇಳಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆಗೆ ತಿಳಿಸಿ. ‘ಅಣ್ಣಾ, ಖಾತೆಗೆಂದು ಹೇಳಿ ನನ್ನಿಂದ ಹಕ್ಕು ಬರೆಸಿಕೊಂಡೆ. ನನಗೆ ಅರ್ಧ ಬರಬೇಕು. ಇದನ್ನು ನಾವೇ ಕೂತು ಸರಿಮಾಡೋಣ, ಇಲ್ಲವಾದರೆ ನಾನು ದಾವೆ ಹಾಕುತ್ತೇನೆ’ ಎಂದು ಬಿಡಿಸಿ ಹೇಳಿ. ಕಾಯಿಲೆಯವನಿಗೆ ಹೀಗೆ ಹೇಳುವುದು ಕ್ರೌರ್ಯ ಎನಿಸಬಹುದು. ನಾಳೆ ಅವನಿಗೆ ಏನಾದರೂ ಆದರೆ ಈ ವ್ಯಾಜ್ಯ ಏನೂ ಅರಿಯದ ಅವನ ಮಕ್ಕಳ ತಲೆಗೆ ಬರುತ್ತದೆ, ಅದು ಇನ್ನೂ ಕ್ರೂರ.

ಗಂಡನಿಗೂ ಇದನ್ನೆಲ್ಲ ಹೇಳಿ. ಅವರು ಎದ್ದುಹೋಗುವುದು ನೀವು ಮತ್ತೆ ಮೋಸ ಹೋಗುತ್ತೀರಿ ಎಂಬ ಭಯಕ್ಕೆ. ವಕೀಲರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋದರೆ ಆಸ್ಪತ್ರೆಗೆ ಹೋಗಲು ಅಡ್ಡಿ ಮಾಡಲಾರರು.

ಅಣ್ಣ ಒಪ್ಪದೇ ಹೋದರೆ? ದಾವೆ ಹೂಡಿ, ಅತ್ತಿಗೆಗೆ ನೀವು ಮಾತು ಕೊಟ್ಟ ದಿನ ಆಸ್ಪತ್ರೆಗೂ ಹೋಗಿ. ಇದು ವಿಚಿತ್ರವಾಗಿ ಕಾಣುತ್ತದೆ, ನೆಂಟರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ನಿಮ್ಮಿಂದ ಸಾಧ್ಯವಾದಷ್ಟು ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದು ರೋಮಾಪುರದವರಿಗೆ ಬರೆದ ಪೌಲ, ಎದುರಿನವನ ಪಾಲಿನ ಕೆಲಸವನ್ನೂ ನೀವೇ ಮಾಡಿ ಎಂದಿಲ್ಲ. ಅಣ್ಣ ಬೈದು ಅವಮಾನ ಮಾಡತೊಡಗಿದರೆ ಎದ್ದು ಬನ್ನಿ, ಅತ್ತಿಗೆಗೆ ಬೇರೆ ರೀತಿಯಲ್ಲಿ ನೆರವಾಗಬಹುದು.

ಒಂದು ವೇಳೆ ನಿಮ್ಮ ಅರ್ಧ ನಿಮಗೆ ಬಂದ ಮೇಲೆ, ಅದರಲ್ಲಿ ಸ್ವಲ್ಪವನ್ನು ಅಣ್ಣನ ಚಿಕಿತ್ಸೆಗೆ ಕೊಡುವ ಮನಸ್ಸಾದರೆ ಧಾರಾಳವಾಗಿ ಕೊಡಿ. ಕೈಗೆ ಬಂದದ್ದನ್ನು ಕೊಟ್ಟರೆ ಅದು ದಾನ; ಈಗ ಆಗಿರುವುದು ಕಳವು. ಆದರೆ ಆ ಮನಸ್ಸಿದೆ ಎಂದು ಈಗಲೇ ಯಾರ ಮುಂದೆಯೂ, ಅಯ್ಯನವರ ಮುಂದೆಯೂ, ಬಾಯಿ ಬಿಡಬೇಡಿ. ಈ ವಾರವೇ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಆ ಪತ್ರದ ದೃಢೀಕೃತ ನಕಲು ತೆಗೆದುಕೊಳ್ಳಿ, ಈ ಸಲ ಕೊನೆಯ ಸಾಲಿನವರೆಗೂ ಓದಿ, ವಕೀಲರಿಗೆ ತೋರಿಸಿ.