ಓದುಗರ ಪ್ರಶ್ನೆ: ಭ್ರೂಣ ಓದಲು ಗಣಿತ ಎಷ್ಟು ಬೇಕು?

ಪ್ರಶ್ನೆ: ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಡೆವಲಪ್‌ಮೆಂಟಲ್ ಬಯಾಲಜಿಯಲ್ಲಿ (ಭ್ರೂಣ ಬೆಳೆಯುವ ಬಗೆಯ ಅಧ್ಯಯನ) ಪಿಎಚ್.ಡಿ. ಮಾಡುವ ಆಸೆ. ಈಗ ಎಲ್ಲ ಕಡೆ ಗಣಿತ, ಭೌತಶಾಸ್ತ್ರವನ್ನೂ ಕೇಳುತ್ತಾರಂತೆ. ನನ್ನ ಗಣಿತ ಪಿಯುಸಿಗೇ ಮುಗಿದಿದೆ. ಎಲ್ಲಿಂದ ಶುರು ಮಾಡಲಿ? (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಗಣಿತದ ಪುಸ್ತಕದಿಂದ ಬೇಡ, ಕೋಳಿ ಮೊಟ್ಟೆಯಿಂದ ಶುರು ಮಾಡಿ. ನರನಾಳದ ಇಕ್ಕೆಲಗಳಲ್ಲಿ ಜೋಡಿಜೋಡಿಯಾಗಿ ಮೂಡುವ ಸೋಮೈಟ್‌ಗಳ (ಮುಂದೆ ಬೆನ್ನೆಲುಬು, ಸ್ನಾಯುಗಳಾಗುವ ಅಂಗಾಂಶದ ತುಣುಕುಗಳ) ಚಿತ್ರವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದೇ ಇರುತ್ತೀರಿ. ಕೋಳಿಯಲ್ಲಿ ಸುಮಾರು 90 ನಿಮಿಷಕ್ಕೊಂದು ಜೋಡಿ. ಕಾವಿಗಿಟ್ಟ 30, 33, 36, 39, 42ನೇ ಗಂಟೆಗೆ ಐದೈದು ಮೊಟ್ಟೆ ಒಡೆದು ಜೋಡಿ ಎಣಿಸಿ, ಗಂಟೆಗೆ ಎದುರಾಗಿ ಗ್ರಾಫ್ ಎಳೆಯಿರಿ. ಮೂರು ಗಂಟೆಗೆ ಎರಡು ಜೋಡಿಯಂತೆ ಗೆರೆ ಏರಬೇಕು. ಆದರೆ ಒಂದೇ ಹೊತ್ತಿಗೆ ಒಡೆದ ಐದರಲ್ಲಿ 8 ಜೋಡಿಯದೂ ಸಿಕ್ಕೀತು, 12ರದೂ ಸಿಕ್ಕೀತು. ಎಣಿಕೆ ತಪ್ಪಿತೆಂದು ಅಳಿಸಬೇಡಿ. ಗೆರೆಯ ಓರೆ ಹೇಳುವುದು ವೇಗವನ್ನು. ಚದುರಿದ ಬಿಂದುಗಳು ಹೇಳುವುದು ಹೆಚ್ಚಾಗಿ ಹೊರಟ ಹೊತ್ತಿನ ವ್ಯತ್ಯಾಸವನ್ನು. ಕೋಳಿ ಮೊಟ್ಟೆ ಇಟ್ಟಾಗಲೇ ಎಲ್ಲ ಭ್ರೂಣಗಳು ಒಂದೇ ಹಂತದಲ್ಲಿರುವುದಿಲ್ಲ, ತಣ್ಣಗಿದ್ದ ಮೊಟ್ಟೆ ಒಳಗಿನವರೆಗೆ ಬಿಸಿಯಾಗಲೂ ಹೊತ್ತು ಬೇಕು. ವೇಗ, ಹೊರಟ ಹೊತ್ತು ಇವೆರಡನ್ನೂ ಬೇರ್ಪಡಿಸಿ ನೋಡಲು ಕಲಿತರೆ ಅರ್ಧ ದಾರಿ ಸವೆದಂತೆ.

ಇದೇ ಸೋಮೈಟ್ ಬಗ್ಗೆ 1976ರಲ್ಲಿ ಜೀವವಿಜ್ಞಾನಿ ಕುಕ್ ಮತ್ತು ಗಣಿತಜ್ಞ ಝೀಮನ್ ಕೂಡಿ ಒಂದು ಮಾದರಿ ಕೊಟ್ಟರು: ಕೋಶಗಳೊಳಗೆ ಒಂದು ಗಡಿಯಾರ, ತಲೆಯಿಂದ ಬಾಲದತ್ತ ಸರಿಯುವ ಒಂದು ಅಲೆ. ಕೋಳಿ ಭ್ರೂಣದಲ್ಲಿ ಆ ಗಡಿಯಾರದಂತೆ 90 ನಿಮಿಷಕ್ಕೊಮ್ಮೆ ಏರಿಳಿಯುವ ಜೀನ್ ಕಣ್ಣಿಗೆ ಬಿದ್ದದ್ದು 1997ರಲ್ಲಿ. ಈ ಮಾದರಿ ಅರ್ಥವಾಗಲು ಬೇಕಾದಷ್ಟೇ ಗಣಿತ ಸಾಕು: ಕಲನ, ಮೊದಲ ದರ್ಜೆಯ ಡಿಫರೆನ್ಶಿಯಲ್ ಸಮೀಕರಣ, ಸಂಖ್ಯಾಶಾಸ್ತ್ರ, ಜೊತೆಗೊಂದಿಷ್ಟು ಪೈಥಾನ್ ಪ್ರೋಗ್ರಾಮಿಂಗ್. ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಎರಡು ತಿಂಗಳದ್ದು. ಅದಕ್ಕೆ ಅರ್ಜಿ ಹಾಕುವಾಗ ಮತ್ತೆ ಪ್ರಾಣಿಶಾಸ್ತ್ರದ ಲ್ಯಾಬನ್ನೇ ಹುಡುಕಬೇಡಿ, ಭೌತಶಾಸ್ತ್ರದವರ ಬಳಿ ಹೋಗಿ.

ಪ್ರಶ್ನೆ: ನಮ್ಮ ಕಾಲೇಜಿನ ಪ್ರಾಕ್ಟಿಕಲ್‌ಗೆ ಕಾವಿಗಿಟ್ಟ ಮೊಟ್ಟೆಗಳಲ್ಲಿ ಹತ್ತಕ್ಕೆ ಏಳು ಖಾಲಿ. ಇನ್‌ಕ್ಯುಬೇಟರ್ ಸರಿಯಿದೆ. ಕಾರಣವೇನು? (ಉಪನ್ಯಾಸಕರು, ಗದಗ)

ಉತ್ತರ: ಮೊಟ್ಟೆ ಎಲ್ಲಿಂದ ಬಂತು? ಅಂಗಡಿಯ ಫಾರಂ ಮೊಟ್ಟೆ ಹುಂಜದ ಮುಖ ಕಾಣದ ಕೋಳಿಯದು, ಅದರಲ್ಲಿ ಭ್ರೂಣವೇ ಇರದು. ಸಂತೆಯ ಜವಾರಿ ಮೊಟ್ಟೆಯಲ್ಲಿ ಇದ್ದೀತು, ಆದರೆ ಅದು ಯಾವತ್ತಿನದು, ಕೋಳಿ ಆಗಲೇ ಅದಕ್ಕೆ ಕಾವು ಕೊಟ್ಟಿತ್ತೇ ಎಂಬುದು ಮಾರುವವರಿಗೂ ಗೊತ್ತಿರುವುದಿಲ್ಲ. ಹ್ಯಾಚರಿಯಲ್ಲಿ ಮೊಟ್ಟೆ ಇಟ್ಟ ದಿನ ಕೇಳಿ, ಪೆನ್ಸಿಲ್‌ನಲ್ಲಿ ಬರೆದುಕೊಂಡು ತನ್ನಿ.

ಆಮೇಲೆ ಸೆಕೆ. ಸುಮಾರು 21 ಡಿಗ್ರಿ ದಾಟಿದರೆ ಭ್ರೂಣ ಅರೆಬರೆ ಬೆಳೆಯತೊಡಗಿ ಕೊನೆಗೆ ಸಾಯುತ್ತದೆ. ಏಪ್ರಿಲ್‌ನಲ್ಲಿ ಗದಗಿನ ಸ್ಟಾಫ್ ರೂಮಿನ ಟೇಬಲ್ ಮೇಲೆ ನಾಲ್ಕು ದಿನ ಇಟ್ಟ ಟ್ರೇಯಿಂದ ಏನನ್ನೂ ನಿರೀಕ್ಷಿಸಬೇಡಿ. ಫ್ರಿಜ್ಜಿನ 4 ಡಿಗ್ರಿ ಅತಿ ತಂಪು. 13ರಿಂದ 15 ಡಿಗ್ರಿಯಲ್ಲಿಟ್ಟು ವಾರದೊಳಗೆ ಬಳಸಿ.

ಇನ್‌ಕ್ಯುಬೇಟರ್ ಸರಿಯಿದೆ ಎಂದು ಡಯಲ್ ನೋಡಿ ಹೇಳಬಾರದು. ಮೊಟ್ಟೆಯ ಮಟ್ಟದಲ್ಲಿ ಬೇರೊಂದು ಥರ್ಮಾಮೀಟರ್ ಇಡಿ, 37.5ರಿಂದ 38 ತೋರಿಸಬೇಕು. 40ರ ಹತ್ತಿರ ಹೋದರೆ ಭ್ರೂಣ ವಿಕಾರವಾಗುತ್ತದೆ ಅಥವಾ ಸಾಯುತ್ತದೆ. ಬ್ಯಾಕ್ಟೀರಿಯಾ ಬೆಳೆಸುವ ಪೆಟ್ಟಿಗೆಯನ್ನೇ ಬಳಸುತ್ತಿದ್ದರೆ ಒಳಗೆ ಅಗಲ ಬಾಯಿಯ ತಟ್ಟೆಯಲ್ಲಿ ನೀರಿಡಿ, ತೇವಾಂಶ ಶೇ 60ರ ಆಸುಪಾಸಿರಲಿ.

ಭ್ರೂಣವಿದ್ದೂ ತೆಗೆಯುವಾಗ ಹರಿಯುತ್ತದೆಯೇ? ಮೊಟ್ಟೆಯನ್ನು ಬೆಚ್ಚಗಿನ ರಿಂಗರ್ ದ್ರಾವಣಕ್ಕೆ ಒಡೆಯಿರಿ: ಲೀಟರಿಗೆ ಸೋಡಿಯಂ ಕ್ಲೋರೈಡ್ 7.2 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.37, ಕ್ಯಾಲ್ಸಿಯಂ ಕ್ಲೋರೈಡ್ 0.17 (ಬಾಟಲಿಯ ಮೇಲೆ ಡೈಹೈಡ್ರೇಟ್ ಎಂದಿದ್ದರೆ 0.23). ನಡುವೆ ತೂತಿರುವ ಫಿಲ್ಟರ್ ಪೇಪರ್ ಬಳೆಯನ್ನು ಭ್ರೂಣದ ಸುತ್ತ ಕೂರಿಸಿ, ಹೊರಗಿನ ಪೊರೆಯನ್ನು ಸುತ್ತಲೂ ಕತ್ತರಿಸಿ ಎತ್ತಿ. ಬಹಳ ಜನ ಎಡವುವುದು ಇದಕ್ಕೂ ಮುಂಚೆ. ಹಳದಿಯ ಮೇಲೆ ಅಂಟಿದ ಗಟ್ಟಿ ಲೋಳೆಯನ್ನು ಟಿಶ್ಯೂ ಪೇಪರಿನಿಂದ ಒರೆಸಿ ತೆಗೆಯದಿದ್ದರೆ ಬಳೆ ಅಂಟುವುದೇ ಇಲ್ಲ, ಜಾರುತ್ತದೆ.

ಪ್ರಶ್ನೆ: ನಾನು ಬಿ.ಇ. ಓದಿದವನು. ನೆಟ್ ಬರೆಯದೆ ಈ ಕ್ಷೇತ್ರಕ್ಕೆ ಬರಬಹುದೇ? (ಓದುಗ, ಹುಬ್ಬಳ್ಳಿ)

ಉತ್ತರ: ಬರಬಹುದು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ಗೆ ಜೆಜಿಇಇಬಿಐಎಲ್‌ಎಸ್ ಎಂಬ ಪ್ರವೇಶ ಪರೀಕ್ಷೆ ಇದೆ, ಅದಕ್ಕೆ ಬಿ.ಇ. ಆದವರೂ ಕೂರಬಹುದು. ಮುಖ್ಯ ತೊಂದರೆ ಬೇರೆ. ಎಂಜಿನಿಯರ್‌ಗಳು ಬೇರೆಯವರು ಕಳಿಸಿದ ಚಿತ್ರಗಳಿಂದಲೇ ಕೆಲಸ ಶುರು ಮಾಡುತ್ತಾರೆ. ಆ ಚಿತ್ರ ಜೆಪೆಗ್ ಆಗಿದ್ದರೆ, ಪಿಕ್ಸೆಲ್‌ಗಳು ಹೊಳಪಿನ ಗರಿಷ್ಠ ಮಿತಿಯಾದ 255ಕ್ಕೆ ತಾಕಿ ನಿಂತಿದ್ದರೆ, ಅಥವಾ ಒಂದೊಂದರ ಕಾಂಟ್ರಾಸ್ಟ್ ಬೇರೆಬೇರೆಯಾಗಿ ಏರಿಸಿದ್ದರೆ, ಹೊಳಪನ್ನು ಹೋಲಿಸುವುದು ವ್ಯರ್ಥ. ಮೊದಲ ಮೂರು ತಿಂಗಳು ಭ್ರೂಣವನ್ನು ನೀವೇ ತೆಗೆದು, ಬಣ್ಣ ಕೊಟ್ಟು, ವಿವರ ಕಳೆದುಕೊಳ್ಳದ ಟಿಫ್ ರೂಪದಲ್ಲಿ ಚಿತ್ರ ತೆಗೆಯಿರಿ. ಅಳೆಯಲು ಉಚಿತವಾಗಿ ಸಿಗುವ ಫಿಜಿ ತಂತ್ರಾಂಶ ಸಾಕು.

ಪ್ರಶ್ನೆ: ಮಗಳ ಪಿಎಚ್.ಡಿ.ಗೆ ಇಬ್ಬರು ಗೈಡ್, ಒಬ್ಬರು ಬೇರೆ ವಿಭಾಗದವರು. ನಿಯಮಕ್ಕೆ ತೊಡಕಾಗುವುದಿಲ್ಲವೇ? (ಪಾಲಕರು, ಹಾವೇರಿ)

ಉತ್ತರ: ಇಲ್ಲ. ಯುಜಿಸಿಯ 2022ರ ನಿಯಮದಲ್ಲಿ ಬೇರೆ ವಿಭಾಗದ, ಬೇರೆ ಸಂಸ್ಥೆಯ ಸಹಮಾರ್ಗದರ್ಶಕರಿಗೂ ಅವಕಾಶವಿದೆ. ಲಿಖಿತ ಅನುಮತಿ ಪಡೆದುಕೊಳ್ಳಲಿ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅದರಲ್ಲಿ ಒಂದು ಪತ್ರಿಕೆಯನ್ನಾದರೂ ಎರಡನೇ ಗೈಡ್‌ರ ವಿಭಾಗದಲ್ಲಿ ಓದಲಿ. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಕೆಲಸ ತೋರಿಸುವಾಗ ಇಬ್ಬರೂ ಒಂದೇ ಕೋಣೆಯಲ್ಲಿರುವಂತೆ ನೋಡಿಕೊಳ್ಳಲಿ. ಬೇರೆಬೇರೆಯಾಗಿ ಕೇಳಿದರೆ ಒಬ್ಬರು ಇನ್ನೂ 30 ಭ್ರೂಣ ಬೇಕೆನ್ನುತ್ತಾರೆ, ಇನ್ನೊಬ್ಬರು ಮಾದರಿ ಬರೆದು ಮುಗಿಸು ಎನ್ನುತ್ತಾರೆ, ಸೆಮಿಸ್ಟರ್ ಕೈತಪ್ಪುತ್ತದೆ.