ಜಪಾನಿನಲ್ಲಿ ಪಾದ್ರಿಗಳು ತೊಟ್ಟದ್ದು ವೇಷವೇ?

ಕುಮಟಾದಿಂದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಜಪಾನಿಗೆ ಹೋದ ಮೊದಲ ಕ್ಯಾಥೊಲಿಕ್ ಪಾದ್ರಿಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿಲ್ಲ. "ಪಾದ್ರಿಗಳು ರೇಷ್ಮೆ ಉಟ್ಟರು, ಚಹಾ ಕುಡಿದರು, ಜಪಾನಿನ ಸಂಸ್ಕೃತಿಗೆ ತಲೆಬಾಗಿದರು ಅಂತ ಹೊಗಳಿದ್ದೀರಿ. ನಮ್ಮ ಹಿರಿಯರು ಇದೇ ಜನರ ಕಾಟ ತಾಳಲಾರದೆ ಗೋವಾ ಬಿಟ್ಟು ಬಂದವರು. ಅಲ್ಲಿ ದೇವಸ್ಥಾನ ಕೆಡವಿದವರು ಜಪಾನಿನಲ್ಲಿ ಸಾಧುಗಳಾಗಿಬಿಟ್ಟರೇ? ಅದು ಬರೀ ವೇಷ. ಅಂದ ಹಾಗೆ, ಈ ಕಥೆಯಲ್ಲಿ ನಮ್ಮ ದೇಶದವರು ಯಾರಾದರೂ ಇದ್ದರೇ?" ಎಂದು ಕೇಳಿದ್ದಾರೆ.

ಮೇಷ್ಟ್ರೇ, ವೇಷ ಹೌದು. ಅದನ್ನು ಅವರೂ ಮುಚ್ಚಿಟ್ಟಿರಲಿಲ್ಲ.

ಆ ಮೊದಲ ಪಾದ್ರಿಗಳ ಮುಂದಾಳು ಫ್ರಾನ್ಸಿಸ್ ಜೇವಿಯರ್ ಜಪಾನಿನ ಕಾಗೋಶಿಮಾದಲ್ಲಿ ಹಡಗಿಳಿದದ್ದು 1549ರ ಆಗಸ್ಟ್ 15ರಂದು. ಜೊತೆಗೆ ಆಂಜಿರೋ ಎಂಬ ಜಪಾನಿ ಇದ್ದ. ಮಲಕ್ಕಾದಲ್ಲಿ ಜೇವಿಯರ್‌ಗೆ ಸಿಕ್ಕಿದವನು, ಗೋವಾದ ಸೇಂಟ್ ಪಾಲ್ ಕಾಲೇಜಿನಲ್ಲಿ ಕಲಿತವನು. 1551ರ ಜನವರಿಯಲ್ಲಿ ಜೇವಿಯರ್ ಚಕ್ರವರ್ತಿಯನ್ನು ಕಾಣಲು ಕ್ಯೋಟೋಗೆ ಹೋದರು. ಕೊರೆಯುವ ಚಳಿ, ಮೈಮೇಲೆ ಹಳೇ ಬಟ್ಟೆ, ಕೈಯಲ್ಲಿ ಒಂದು ಕಾಣಿಕೆಯೂ ಇಲ್ಲ. ಯಾರೂ ಬಾಗಿಲು ತೆರೆಯಲಿಲ್ಲ. ಹನ್ನೊಂದು ದಿನ ಕಾದು ವಾಪಸ್ ಬಂದರು. ನಮ್ಮ ಕಡೆ ಹರಕು ಬಟ್ಟೆಯ ಸಂನ್ಯಾಸಿಗೆ ಜನ ಕೈಮುಗಿದಾರು. ಅಲ್ಲಿನ ಅರಮನೆಗಳಲ್ಲಿ ಅದು ನಡೆಯಲಿಲ್ಲ.

ಆಮೇಲೆ ಜೇವಿಯರ್ ಮಾಡಿದ್ದನ್ನು ನೋಡಿ. ಹಿರಾಡೋ ಎಂಬ ಬಂದರಿನಲ್ಲಿ ಬಿಟ್ಟು ಬಂದಿದ್ದ ಪತ್ರಗಳನ್ನೂ ಕಾಣಿಕೆಗಳನ್ನೂ ತರಿಸಿಕೊಂಡರು. ಒಳ್ಳೆಯ ರೇಷ್ಮೆ ತೊಟ್ಟು, ಗೋವಾದ ಪೋರ್ಚುಗೀಸ್ ಸರ್ಕಾರದ ರಾಯಭಾರಿಯಾಗಿ ಯಾಮಾಗುಚಿಯ ಪಾಳೆಯಗಾರ ಓಉಚಿ ಯೋಶಿತಾಕನ ಮುಂದೆ ನಿಂತರು. ಗಂಟೆ ಬಾರಿಸುವ ಗಡಿಯಾರ, ಕನ್ನಡಕ, ಕೋವಿ, ಒಂದು ಸಂಗೀತ ವಾದ್ಯ, ಎಲ್ಲವನ್ನೂ ಅವನ ಮುಂದಿಟ್ಟರು. ಧರ್ಮ ಸಾರಲು ಅಪ್ಪಣೆ ಸಿಕ್ಕಿತು. ಇರಲು ಖಾಲಿ ಬಿದ್ದಿದ್ದ ಒಂದು ಬೌದ್ಧ ದೇವಾಲಯವೂ ಸಿಕ್ಕಿತು. ಇದರಲ್ಲಿ ಸಂಸ್ಕೃತಿಪ್ರೇಮ ಎಷ್ಟಿತ್ತೋ, ಕೆಲಸ ಆಗಬೇಕೆಂಬ ಜಾಣತನ ಅದಕ್ಕಿಂತ ಜಾಸ್ತಿ ಇತ್ತು. ಇಲ್ಲಿಯವರೆಗೆ ನಿಮ್ಮ ಮಾತನ್ನು ಒಪ್ಪುತ್ತೇನೆ.

ಆದರೆ ಪಾದ್ರಿಗಳೆಲ್ಲ ಒಂದೇ ಎಂದುಕೊಂಡರೆ ಕಥೆಯ ಅರ್ಧಭಾಗ ಕೈತಪ್ಪುತ್ತದೆ. 1570ರಿಂದ ಜಪಾನಿನ ಜೆಸ್ಯೂಟರಿಗೆ (ಜೇವಿಯರ್ ಸೇರಿದ್ದ ಕ್ಯಾಥೊಲಿಕ್ ಪಾದ್ರಿಗಳ ಸಂಘದವರಿಗೆ) ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ಕೊ ಕಬ್ರಾಲ್‌ಗೆ ಈ ಹೊಂದಾಣಿಕೆಯೇ ಆಗುತ್ತಿರಲಿಲ್ಲ. ರೇಷ್ಮೆ ಬೇಡ ಎಂದರು. ಜಪಾನಿಗಳು ಸೊಕ್ಕಿನವರು, ಅವರನ್ನು ಬಿಗಿಯಾಗಿಡಬೇಕು ಎಂಬುದು ಅವರ ಧೋರಣೆ. 1579ರಲ್ಲಿ ತಪಾಸಣೆಗೆ ಬಂದ ಇಟಲಿಯ ಅಲೆಸಾಂಡ್ರೊ ವಲಿಗ್ನಾನೋಗೆ ಕ್ರೈಸ್ತರಾಗಿದ್ದ ಜಪಾನಿಗಳಿಂದಲೇ ದೂರು ಬಂತು: ನಿಮ್ಮವರಿಗೆ ನಮ್ಮ ರೀತಿ ರಿವಾಜು ಒಂದೂ ಗೊತ್ತಿಲ್ಲ. ಕಬ್ರಾಲ್ ಕೆಳಗಿಳಿದರು.

1581ರಲ್ಲಿ ವಲಿಗ್ನಾನೋ ಪಾದ್ರಿಗಳಿಗಾಗಿ ನಡವಳಿಕೆಯ ಕೈಪಿಡಿಯೊಂದನ್ನು ಬರೆದರು. ಅತಿಥಿಯನ್ನು ಎಲ್ಲಿ ಕೂರಿಸಬೇಕು, ಸಾಕೆಯ (ಅಕ್ಕಿಯ ಮದ್ಯ) ಬಟ್ಟಲನ್ನು ಹೇಗೆ ಕೊಡಬೇಕು, ಹೊರಟವರನ್ನು ಎಲ್ಲಿಯವರೆಗೆ ಬೀಳ್ಕೊಡಬೇಕು, ಎಲ್ಲ ಅದರಲ್ಲಿದೆ. ಮದುವೆಮನೆಯಲ್ಲಿ ಬೀಗರನ್ನು ವಿಚಾರಿಸಿಕೊಳ್ಳುವಷ್ಟು ಎಚ್ಚರ! ಚಹಾದ ಮಾತು ಲೇಖಕರು ಉಪ್ಪುಖಾರ ಹಚ್ಚಿ ಬರೆದದ್ದಲ್ಲ. ಪ್ರತಿ ಜೆಸ್ಯೂಟ್ ಮನೆಯಲ್ಲೂ ಚೊಕ್ಕಟವಾದ ಚಹಾ ಕೋಣೆ ಇರಬೇಕು, ಚಹಾ ವಿಧಿ ಬಲ್ಲ ಒಬ್ಬ ಅಲ್ಲಿ ಯಾವಾಗಲೂ ಇರಬೇಕು ಎಂದೇ ಬರೆದಿದ್ದಾರೆ. ಹಂದಿ, ಆಡು ಸಾಕುವಂತಿಲ್ಲ, ಮನೆಯಲ್ಲಿ ಪ್ರಾಣಿ ಕಡಿಯುವಂತಿಲ್ಲ. ಪಾದ್ರಿಗಳಿಗೆ ಝೆನ್ ಪಂಥದ ಬೌದ್ಧ ಭಿಕ್ಷುಗಳ ಅಂತಸ್ತಿಗೆ ಸರಿಯಾದ ಸ್ಥಾನಮಾನವನ್ನೂ ಗೊತ್ತುಮಾಡಿದರು. ಇದು ರೋಮ್‌ನಲ್ಲಿದ್ದ ಜೆಸ್ಯೂಟ್ ಸಂಘದ ಪರಮಾಧಿಕಾರಿ ಅಕ್ವಾವಿವಾಗೆ ಅತಿಯಾಯಿತು ಅನಿಸಿತು.

ಇನ್ನು ಜೆಸ್ಯೂಟ್ ಪಾದ್ರಿ ಲೂಯಿಸ್ ಫ್ರೋಯಿಸ್. 1563ರಲ್ಲಿ ಜಪಾನಿಗೆ ಹೋಗಿ 1597ರಲ್ಲಿ ನಾಗಸಾಕಿಯಲ್ಲೇ ತೀರಿಕೊಂಡವರು. ಯುರೋಪಿನವರಿಗೂ ಜಪಾನಿಗಳಿಗೂ ಇರುವ ವ್ಯತ್ಯಾಸಗಳನ್ನು 1585ರಲ್ಲಿ ಪಟ್ಟಿ ಮಾಡಿದರು, ಆರುನೂರಕ್ಕೂ ಹೆಚ್ಚು. ನಾವು ಕೈಯಲ್ಲಿ ಉಣ್ಣುತ್ತೇವೆ, ಅವರು ಎರಡು ಕಡ್ಡಿಯಲ್ಲಿ. ನಮಗೆ ಸೂತಕಕ್ಕೆ ಕಪ್ಪು, ಅವರಿಗೆ ಬಿಳಿ. (ಕೈಯಲ್ಲಿ ಉಣ್ಣುವ "ನಾವು" ಯುರೋಪಿನವರು, ಗಮನಿಸಿ.) ಇದು ಬರೀ ಜಾಣತನದಿಂದ ಆಗುವ ಕೆಲಸ ಅಲ್ಲ. ಕುತೂಹಲ ಇಲ್ಲದವನಿಗೆ ಇಷ್ಟೆಲ್ಲ ಕಣ್ಣಿಗೇ ಬೀಳುವುದಿಲ್ಲ.

ಈಗ ಗೋವಾ. ನಿಮ್ಮ ಪತ್ರದ ಮುಖ್ಯ ಏಟು ಇರುವುದೇ ಇಲ್ಲಿ. ಗೋವಾಕ್ಕೆ ಇನ್‌ಕ್ವಿಸಿಷನ್ (ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ) ಬೇಕು ಎಂದು 1546ರಲ್ಲಿ ಪೋರ್ಚುಗಲ್ ದೊರೆಗೆ ಬರೆದವರು ಇದೇ ಜೇವಿಯರ್. ಅದು 1560ರಲ್ಲಿ ಬಂತು. ಗೋವಾದಲ್ಲಿ ಹಾಗೆ, ಜಪಾನಿನಲ್ಲಿ ಹೀಗೆ ಏಕೆ? ನನಗೆ ಕಾಣುವ ಕಾರಣ ಸರಳ. ಗೋವಾದಲ್ಲಿ ವೈಸ್‌ರಾಯ್ ಇದ್ದ, ಸೈನ್ಯ ಇತ್ತು. ಜಪಾನಿನಲ್ಲಿ ಅದ್ಯಾವುದೂ ಇರಲಿಲ್ಲ. ಅಲ್ಲಿನ ಪಾಳೆಯಗಾರ ಬೇಡ ಅಂದರೆ ಗಂಟುಮೂಟೆ ಕಟ್ಟಬೇಕಿತ್ತು. ಹಾಗಾಗಿ ಬೇರೆಯವರ ಮನೆಯ ರೀತಿ ಕಲಿತರು. ಎಲ್ಲಿ ಅಧಿಕಾರ ಅವರ ಕಡೆಗಿತ್ತೋ ಅಲ್ಲಿ ಜಪಾನಿನಲ್ಲೂ ಬೇರೆಯೇ ಆಯಿತು. ಕ್ರೈಸ್ತನಾಗಿದ್ದ ಓಮುರಾ ಸುಮಿತಾದನ ಸೀಮೆಯಲ್ಲಿ 1574ರಲ್ಲಿ ಬೌದ್ಧ ದೇವಾಲಯಗಳೂ ಜಪಾನಿನ ಮೂಲ ಧರ್ಮವಾದ ಶಿಂಟೋದ ದೇವಾಲಯಗಳೂ ನಾಶವಾದವು. 1587ರಲ್ಲಿ ಜಪಾನನ್ನು ಆಳುತ್ತಿದ್ದ ಹಿದೆಯೋಶಿ, ಪಾದ್ರಿಗಳು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದಾಗ ದೇವಾಲಯ ಕೆಡವಿದ್ದನ್ನೂ ಅದರಲ್ಲಿ ಹೇಳಿದ. ಪೋರ್ಚುಗೀಸರು ಜಪಾನಿಗಳನ್ನು ಗುಲಾಮರಾಗಿ ಕೊಂಡು ಸಾಗಿಸುತ್ತಿದ್ದುದನ್ನೂ ಪ್ರಶ್ನಿಸಿದ್ದ. ನಮ್ಮ ಲೇಖನ ಈ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸಿತ್ತು. ನಿಮ್ಮ ಸಿಟ್ಟು ನ್ಯಾಯವಾದದ್ದೇ.

ನನ್ನನ್ನು ಕೇಳಿದರೆ, ಚಹಾ, ರೇಷ್ಮೆಗಿಂತ ದೊಡ್ಡ ಪರೀಕ್ಷೆ ಬೇರೆ ಇದೆ: ಸ್ಥಳೀಯನೊಬ್ಬ ಪಾದ್ರಿಯಾಗಬಹುದಿತ್ತೇ? ವಲಿಗ್ನಾನೋ ಜಪಾನಿಗಳಿಗಾಗಿ ಸೆಮಿನರಿ, ಅಂದರೆ ಪಾದ್ರಿಗಳಾಗುವವರ ಶಾಲೆ, ತೆರೆದರು. ಆದರೂ ಮೊದಲ ಇಬ್ಬರು ಜಪಾನಿಗಳಿಗೆ ಗುರುದೀಕ್ಷೆ ಆದದ್ದು 1601ರಲ್ಲಿ, ಜೇವಿಯರ್ ಬಂದು 52 ವರ್ಷದ ಮೇಲೆ. ಇದೇ ವಲಿಗ್ನಾನೋ ಭಾರತೀಯರ ಬಗ್ಗೆ ಬರೆದದ್ದನ್ನು ಓದಿದರೆ ಮೈ ಉರಿಯುತ್ತದೆ. ಜಪಾನಿಗಳು, ಚೀನೀಯರು ಅವರ ಲೆಕ್ಕದಲ್ಲಿ ಬಿಳಿಯರು. ನಾವು ಕಪ್ಪು ಜನ, ಕೀಳು ಬುದ್ಧಿಯವರು, ಜೆಸ್ಯೂಟ್ ಸಂಘಕ್ಕೆ ಸೇರಲು ಯೋಗ್ಯರಲ್ಲ!

ಇಷ್ಟಾದರೂ ನಿಮ್ಮ ಕಡೆಯ ಪ್ರಶ್ನೆಗೆ ಉತ್ತರ ಇದೆ. ಗೊನ್ಸಾಲೊ ಗಾರ್ಸಿಯಾ ಎಂಬುವರು ಮುಂಬಯಿ ಹತ್ತಿರದ ವಸಾಯಿಯಲ್ಲಿ ಹುಟ್ಟಿದವರು. ತಂದೆ ಪೋರ್ಚುಗೀಸ್, ತಾಯಿ ಕೊಂಕಣದವರು. ಚಿಕ್ಕಂದಿನಲ್ಲೇ ಜೆಸ್ಯೂಟರ ಜೊತೆ ಜಪಾನಿಗೆ ಹೋಗಿ ಭಾಷೆ ಕಲಿತು ಅವರಿಗೆ ಸಹಾಯಕರಾಗಿದ್ದರು. ಆ ಸಂಘದೊಳಗೆ ಮಾತ್ರ ಜಾಗ ಸಿಗಲಿಲ್ಲ. ಕೆಲಕಾಲ ವ್ಯಾಪಾರ ಮಾಡಿ, ಕೊನೆಗೆ ಮನಿಲಾದಲ್ಲಿ ಇನ್ನೊಂದು ಕ್ಯಾಥೊಲಿಕ್ ಸಂಘವಾದ ಫ್ರಾನ್ಸಿಸ್ಕನ್ನರನ್ನು ಸೇರಿದರು. 1593ರಲ್ಲಿ ಆ ಸಂಘದ ಪಾದ್ರಿ ಪೆದ್ರೊ ಬಾಪ್ಟಿಸ್ಟಾ ಹಿದೆಯೋಶಿಯ ಬಳಿ ರಾಯಭಾರ ಹೋದಾಗ ಇವರೇ ದುಭಾಷಿ. 1597ರ ಫೆಬ್ರುವರಿ 5ರಂದು ನಾಗಸಾಕಿಯ ನಿಶಿಜಾಕಾ ಗುಡ್ಡದಲ್ಲಿ 26 ಜನರನ್ನು ಶಿಲುಬೆಗೇರಿಸಿದರು. ಅವರಲ್ಲಿ 20 ಮಂದಿ ಜಪಾನಿಗಳು, ಆರು ಮಂದಿ ಫ್ರಾನ್ಸಿಸ್ಕನ್ನರು. ಆ ಆರರಲ್ಲಿ ಗೊನ್ಸಾಲೊ ಒಬ್ಬರು. 1862ರಲ್ಲಿ 26 ಜನರನ್ನೂ ಸಂತರೆಂದು ಘೋಷಿಸಲಾಯಿತು. ಭಾರತದಲ್ಲಿ ಹುಟ್ಟಿದವರಲ್ಲಿ ಆ ಪದವಿ ಮೊದಲು ಸಿಕ್ಕಿದ್ದು ಇವರಿಗೇ.