ಶುಗರ್ ಕೆಡಿಸಿದ ರಕ್ತನಾಳಕ್ಕೆ ಗಿಡದ ಮದ್ದು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಶುಗರ್ ಮತ್ತು ಗಿಡಮೂಲಿಕೆಯ ಪ್ರಶ್ನೆಗಳೇ ಜಾಸ್ತಿ. ಬೇರೆಯವನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ, ಶುಗರ್ ಬಂದು 14 ವರ್ಷ ಆಯಿತು. ರೆಟಿನಾದಲ್ಲಿ ರಕ್ತನಾಳ ಸೋರುತ್ತಿದೆ, ಇಂಜೆಕ್ಷನ್ ಬೇಕು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಚಿಕ್ಕಪ್ಪ ಕರ್ಕ್ಯುಮಿನ್ ಕ್ಯಾಪ್ಸೂಲ್ ತಂದುಕೊಟ್ಟು, ಇದು ನಾಳವನ್ನೇ ರಿಪೇರಿ ಮಾಡುತ್ತದೆ, ಇಂಜೆಕ್ಷನ್ ಬೇಡ ಅನ್ನುತ್ತಿದ್ದಾರೆ. ಏನು ಮಾಡೋಣ?
- ದಾವಣಗೆರೆಯ ಓದುಗರು

ಉತ್ತರ: ಮೊದಲು ಇಂಜೆಕ್ಷನ್ ಹಾಕಿಸಿ. ಮಿಕ್ಕ ಮಾತು ಆಮೇಲೆ.

ಚಿಕ್ಕಪ್ಪ ಪೂರ್ತಿ ಗಾಳಿಯಲ್ಲಿ ಹೇಳುತ್ತಿಲ್ಲ. ರಕ್ತನಾಳದ ಒಳಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರ ಇದೆ. ಅದು ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಿಡುತ್ತಾ ನಾಳವನ್ನು ಸಡಿಲವಾಗಿ ಇಡುತ್ತದೆ. ಈ ಅನಿಲದ ಕೆಲಸ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಸಿಕ್ಕಿತು. ವರ್ಷಗಟ್ಟಲೆ ಸಕ್ಕರೆ ಏರಿಯೇ ಇದ್ದರೆ ಈ ಅನಿಲ ಕಡಿಮೆಯಾಗುತ್ತದೆ, ಸಕ್ಕರೆ ಪ್ರೋಟೀನಿಗೆ ಅಂಟಿ ನಾಳದ ಗೋಡೆ ಗಡುಸಾಗುತ್ತದೆ, ಕಣ್ಣು ಮತ್ತು ಕಿಡ್ನಿಯ ಸಣ್ಣ ನಾಳಗಳು ಸೋರಲು ಶುರುಮಾಡುತ್ತವೆ. ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಇವೆಲ್ಲ ಲ್ಯಾಬಿನ ತಟ್ಟೆಯಲ್ಲೂ ಇಲಿಗಳಲ್ಲೂ ಈ ಹಾನಿಯನ್ನು ತಗ್ಗಿಸಿದ್ದು ನಿಜ. ಆದರೆ ತಟ್ಟೆಯಲ್ಲಿರುವ ಕೋಶದ ಮೇಲೆ ಸುರಿಯೋದು ಬೇರೆ, ಬಾಯಿಂದ ನುಂಗಿದ್ದು ಕಣ್ಣಿನ ಹಿಂಭಾಗದವರೆಗೆ ಹೋಗಿ ಮುಟ್ಟೋದು ಬೇರೆ.

ಇದನ್ನು ನಮ್ಮ ಬೆಂಗಳೂರಿನಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಸಿಕ್ಕಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಜೊತೆಗೆ ಮೆಣಸಿನ ಸತ್ವ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಸುಮಾರು 20 ಪಟ್ಟು ಏರಿತು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರು ಪಾಲಿನ ಆಸುಪಾಸು, ಅಂದರೆ ಆ 2 ಗ್ರಾಂಗೆ ಹೆಚ್ಚುಕಡಿಮೆ 20 ಚಮಚ ಅರಿಶಿನ ಬೇಕು. ಸಾರಿಗೆ ಹಾಕೋ ಚಿಟಿಕೆ ಲೆಕ್ಕಕ್ಕೇ ಬರೋದಿಲ್ಲ. ಮೆಣಸಿನ ಸತ್ವ ಸೇರಿಸಿದ ಕ್ಯಾಪ್ಸೂಲಿಗೆ ಇನ್ನೊಂದು ತೊಂದರೆ ಇದೆ: ಅದು ಕರ್ಕ್ಯುಮಿನ್ ಒಂದನ್ನೇ ಅಲ್ಲ, ಬೇರೆ ಮಾತ್ರೆಗಳನ್ನೂ ರಕ್ತದಲ್ಲಿ ಏರಿಸಬಹುದು. ಇಂಥ ಗಟ್ಟಿ ಡೋಸಿನ ಅರಿಶಿನ ಕ್ಯಾಪ್ಸೂಲಿನಿಂದ ಲಿವರ್ ಕೆಟ್ಟ ಪ್ರಕರಣಗಳು ಇಟಲಿಯಲ್ಲೂ ಅಮೆರಿಕದಲ್ಲೂ ವರದಿಯಾಗಿವೆ.

ನಾಳಕ್ಕೆ ನಿಜವಾಗಿ ಉಪಕಾರ ಮಾಡಿದ್ದು ಏನು ಅಂದರೆ, ಸಕ್ಕರೆ ಮತ್ತು ಬಿಪಿ ಇಳಿಸಿದ್ದು. ಶುಗರ್ ರೋಗಿಗಳ ಮೇಲೆ ನಡೆದ ಬ್ರಿಟನ್ನಿನ ಯುಕೆಪಿಡಿಎಸ್ ಅನ್ನೋ ಅಧ್ಯಯನದಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಶೇಕಡಾ 1 ಅಂಶ ಕಡಿಮೆ ಇದ್ದವರಲ್ಲಿ ಸಣ್ಣ ನಾಳಗಳ ತೊಂದರೆ ಶೇ. 37ರಷ್ಟು ಕಡಿಮೆ ಇತ್ತು. ತಂದೆಯವರ ಬಿಪಿ ಎಷ್ಟಿದೆ ಅಂತ ಪತ್ರದಲ್ಲಿ ಬರೆದೇ ಇಲ್ಲ ನೀವು. ಇವತ್ತೇ ನೋಡಿಸಿ.

ಪ್ರಶ್ನೆ: ನಿಮ್ಮಂಥ ಡಾಕ್ಟರುಗಳಿಗೆ ಗಿಡಮೂಲಿಕೆ ಅಂದರೆ ಅಸಡ್ಡೆ. ಕಂಪನಿ ಮಾತ್ರೆಯೇ ಬೇಕು ಅಲ್ವಾ?
- ಮಂಡ್ಯದ ಓದುಗರು

ಉತ್ತರ: ಸ್ವಾಮಿ, ನಾನು ದಿನಾ ಬರೆಯೋ ಶುಗರ್ ಮಾತ್ರೆಗಳಲ್ಲಿ ಎರಡು ಬಂದಿದ್ದೇ ಗಿಡದಿಂದ!

ಮೆಟ್‌ಫಾರ್ಮಿನ್ ಉದಾಹರಣೆಯನ್ನೇ ನೋಡಿ. ಯುರೋಪಿನಲ್ಲಿ ಗೆಲೆಗಾ ಅಂತ ಒಂದು ಗಿಡ ಇದೆ. ಅದರಲ್ಲಿರುವ ಗೆಲೆಜಿನ್ ಸಕ್ಕರೆ ಇಳಿಸುತ್ತದೆ, ಆದರೆ ಆ ಗಿಡ ಮೇಯ್ದ ಕುರಿಗಳಿಗೆ ಅದೇ ವಿಷ. ಅದೇ ಜಾತಿಯ, ಅಷ್ಟು ವಿಷವಿಲ್ಲದ ವಸ್ತುವನ್ನು ಲ್ಯಾಬಿನಲ್ಲಿ ತಯಾರಿಸಿದರು. ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಅದನ್ನು ಶುಗರಿಗೆ ಬಳಸಿದ ಫಲಿತಾಂಶ ಪ್ರಕಟಿಸಿದರು. ಯುಕೆಪಿಡಿಎಸ್‌ನಲ್ಲಿ ತೂಕ ಜಾಸ್ತಿ ಇದ್ದ ರೋಗಿಗಳಿಗೆ ಇದನ್ನು ಕೊಟ್ಟಾಗ ಹೃದಯಾಘಾತ ಶೇ. 39ರಷ್ಟು ಕಡಿಮೆಯಾಯಿತು.

ಇನ್ನೊಂದರ ಕತೆ ನನಗೆ ಇನ್ನೂ ಇಷ್ಟ. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಫ್ಲೋರಿಜಿನ್ ಅನ್ನೋ ಕಹಿ ವಸ್ತು ತೆಗೆದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೊರಗೆ ಹೋಗುತ್ತದೆ ಅಂತ ಆ ಶತಮಾನದಲ್ಲೇ ಗೊತ್ತಾಯಿತು. ಆದರೆ ಬಾಯಿಂದ ಕೊಟ್ಟರೆ ಕರುಳಿನಲ್ಲೇ ಮುರಿದುಹೋಗುತ್ತಿತ್ತು. ನೂರಕ್ಕೂ ಹೆಚ್ಚು ವರ್ಷ ಸುಮ್ನೆ ಲ್ಯಾಬಿನ ಕಪಾಟಿನಲ್ಲೇ ಉಳಿಯಿತು ಅನ್ನಿ. ಆಮೇಲೆ ರಸಾಯನ ತಜ್ಞರು ಅದರ ಒಂದು ಕೊಂಡಿಯನ್ನು ಕರುಳಿನಲ್ಲಿ ಮುರಿಯದ ಹಾಗೆ ಬದಲಿಸಿದರು. ಇವತ್ತಿನ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹುಟ್ಟಿದ್ದು ಆ ದಾರಿಯಲ್ಲಿ. ಹೃದಯದ ತೊಂದರೆ ಇದ್ದ ಶುಗರ್ ರೋಗಿಗಳ ಮೇಲೆ ನಡೆದು 2015ರಲ್ಲಿ ಹೊರಬಂದ ದೊಡ್ಡ ಅಧ್ಯಯನದಲ್ಲಿ ಎಂಪಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾಗುವ ಸಾವು ಶೇ. 38ರಷ್ಟು ಕಡಿಮೆ. ಕಿಡ್ನಿಗೂ ಒಳ್ಳೆಯದು. 2025ರ ಮಾರ್ಚಿನಲ್ಲಿ ನಮ್ಮಲ್ಲಿ ಇದರ ಪೇಟೆಂಟ್ ಮುಗಿದು ಬೆಲೆಯೂ ಬಹಳ ಇಳಿದಿದೆ, ದುಬಾರಿ ಅಂತ ಬಿಟ್ಟವರು ಇನ್ನೊಮ್ಮೆ ಡಾಕ್ಟರನ್ನು ಕೇಳಿ. ಮೂತ್ರದ ಜಾಗದಲ್ಲಿ ತುರಿಕೆ, ಸೋಂಕು ಬರಬಹುದು, ಆಪರೇಷನ್ನಿಗೆ ಮುಂಚೆ ನಿಲ್ಲಿಸಬೇಕಾಗುತ್ತದೆ, ಅದನ್ನೂ ಕೇಳಿಕೊಳ್ಳಿ.

ನನ್ನ ತಕರಾರು ಗಿಡದ ಮೇಲಲ್ಲ. ಎಷ್ಟು ಡೋಸು, ಯಾರಿಗೆ, ಎಷ್ಟು ದಿನ ಅಂತ ಯಾರೂ ಅಳೆಯದೆ ಮಾರೋ ಡಬ್ಬಿಗಳ ಮೇಲೆ.

ಪ್ರಶ್ನೆ: ಮರದರಿಶಿನದ ಕಷಾಯ ಕುಡಿಯುತ್ತಿದ್ದೇನೆ. ಅದರಲ್ಲಿ ಬರ್ಬೆರಿನ್ ಇದೆಯಂತೆ, ಕೊಲೆಸ್ಟರಾಲ್ ಮಾತ್ರೆ ಬಿಡಬಹುದಾ?
- ಶಿರಸಿಯ ಓದುಗರು

ಉತ್ತರ: ಬಿಡಬೇಡಿ. ಕಾಂಡ ಕತ್ತರಿಸಿದರೆ ಒಳಗೆ ಕಾಣೋ ಆ ಗಾಢ ಹಳದಿಯೇ ಬರ್ಬೆರಿನ್. ಸಕ್ಕರೆ, ಕೊಲೆಸ್ಟರಾಲ್ ಎರಡನ್ನೂ ಸ್ವಲ್ಪ ಇಳಿಸುತ್ತದೆ, ಒಪ್ಪುತ್ತೇನೆ. 2008ರಲ್ಲಿ ಚೀನಾದ ಒಂದು ಅಧ್ಯಯನದಲ್ಲಿ 500 ಮಿಲಿಗ್ರಾಂ ದಿನಕ್ಕೆ 3 ಸಲ ಕೊಟ್ಟಾಗ ಮೆಟ್‌ಫಾರ್ಮಿನ್ನಿಗೆ ಸರಿಸಮವಾಗಿ ಸಕ್ಕರೆ ಇಳಿಯಿತು. ಆದರೆ ಅಲ್ಲಿದ್ದವರು ಬರೀ 36 ಜನ, ಅದೂ 3 ತಿಂಗಳು. ಹಾರ್ಟ್ ಅಟ್ಯಾಕ್ ತಪ್ಪುತ್ತದಾ ಅನ್ನೋದು ಅಷ್ಟರಲ್ಲಿ ತಿಳಿಯೋದಿಲ್ಲ. ನಿಮ್ಮ ಕಷಾಯದ ಒಂದು ಲೋಟದಲ್ಲಿ ಎಷ್ಟಿದೆ ಅಂತ ಯಾರು ಅಳೆದಿದ್ದಾರೆ? ಇನ್ನೊಂದು ವಿಷಯ, ಅಟೊರ್ವಾಸ್ಟಾಟಿನ್ ಥರದ ಕೊಲೆಸ್ಟರಾಲ್ ಮಾತ್ರೆಯನ್ನು ಕರಗಿಸೋ ಲಿವರಿನ ಎಂಜೈಮನ್ನೇ ಬರ್ಬೆರಿನ್ ತಡೆಯುತ್ತದೆ, ಆಗ ಮಾತ್ರೆ ರಕ್ತದಲ್ಲಿ ಏರಬಹುದು. ಎರಡೂ ಸೇರಿ ಮೈಕೈ ನೋವು ಬಂದರೆ ತಕ್ಷಣ ತೋರಿಸಿ. ಬಸುರಿಯರಿಗಂತೂ ಬೇಡವೇ ಬೇಡ. ಘಟ್ಟದ ಕಾಡಿನಲ್ಲಿ ಈ ಬಳ್ಳಿ ಕಡಿದು ಕಡಿದು ಅಳಿವಿನ ಅಂಚಿಗೆ ಬಂದಿದೆ, ಅದೂ ನಿಮಗೆ ಗೊತ್ತಿರಲಿ.

ಪ್ರಶ್ನೆ: ಹಿತ್ತಲಿನ ಇನ್ಸುಲಿನ್ ಗಿಡದ ಎಲೆ ದಿನಾ ಒಂದು ತಿಂದರೆ ಇನ್ಸುಲಿನ್ ನಿಲ್ಲಿಸಬಹುದಾ?
- ಮೈಸೂರಿನ ಓದುಗರು

ಉತ್ತರ: ಆ ಎಲೆಯಲ್ಲಿ ಇನ್ಸುಲಿನ್ ಇಲ್ಲ. ನಿಲ್ಲಿಸಬೇಡಿ.

ಪ್ರಶ್ನೆ: ಅಮ್ಮನಿಗೆ ಶುಗರ್ ಇದೆ. ಕಾಲಿನ ಹೆಬ್ಬೆರಳ ಕೆಳಗೆ ಗಾಯ ಆಗಿದೆ, ನೋವೇನೂ ಇಲ್ಲ ಅನ್ನುತ್ತಾರೆ. ಅರಿಶಿನ, ಲೋಳೆಸರ ಹಚ್ಚುತ್ತಿದ್ದೇವೆ. ಸಾಕಾ?
- ಕಲಬುರಗಿಯ ಓದುಗರು

ಉತ್ತರ: ಸಾಲದು. ನೋವಿಲ್ಲ ಅನ್ನೋದೇ ಹೆದರಬೇಕಾದ ವಿಷಯ, ನರ ಮರಗಟ್ಟಿದ್ದರೆ ಹಾಗೇ ಆಗೋದು. ಅರಿಶಿನದ ಪದರದ ಕೆಳಗೆ ಕೀವು ಇದ್ದರೂ ಕಾಣೋದಿಲ್ಲ. ಶುದ್ಧ ನೀರಿನಲ್ಲಿ ತೊಳೆದು, ಒಣ ಬಟ್ಟೆ ಸುತ್ತಿ, ನಾಳೆಯೇ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ನಾಡಿ ಮುಟ್ಟಿ ನೋಡಲು ಹೇಳಿ, ಸಂಶಯ ಇದ್ದರೆ ರಕ್ತದ ಹರಿವು ನೋಡೋ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಕಾಲು ಕೆಂಪಾಗಿ ಊದಿದ್ದರೆ, ಕಪ್ಪಾಗಿದ್ದರೆ, ಜ್ವರ ಬಂದಿದ್ದರೆ ನಾಳೆವರೆಗೂ ಕಾಯಬೇಡಿ, ಇವತ್ತೇ ಹೋಗಿ. ಬರಿಗಾಲಲ್ಲಿ ಓಡಾಡೋದು ಬೇಡ. ಹೋಗುವಾಗ ಅಮ್ಮ ದಿನಾ ಹಾಕೋ ಚಪ್ಪಲಿಯನ್ನೂ ತೆಗೆದುಕೊಂಡು ಹೋಗಿ, ಗಾಯ ಎಲ್ಲಿಂದ ಆಯಿತು ಅಂತ ಎಷ್ಟೋ ಸಲ ಅದರಲ್ಲೇ ಗೊತ್ತಾಗುತ್ತದೆ.